ಶಂಕರ್ ನಾಗ್ (1954–1990)

ಗಾಂಧಿ ಬಜಾರ್ ಸೇರಿದಂತೆ ಬೆಂಗಳೂರಿನ ಬೀದಿಗಳಲ್ಲಿ ಸಂಚರಿಸುವ ಅನೇಕ ಆಟೋರಿಕ್ಷಾಗಳ ಮೇಲೆ ಶಂಕರ್ ನಾಗ್ ಅವರ ಭಾವಚಿತ್ರವನ್ನು ಇಂದಿಗೂ ಕಾಣಬಹುದಾಗಿದೆ. 1980ರಲ್ಲಿ ತೆರೆಕಂಡ ‘ಆಟೋ ರಾಜ’ ಚಿತ್ರದ ನಾಯಕರಾದ ಇವರನ್ನು ಆಟೋ ಚಾಲಕರು ತಮ್ಮವರೆಂದೇ ಭಾವಿಸಿದ್ದಾರೆ.

ಶ್ರೀಯುತರು 1954ರ ನವೆಂಬರ್ 9ರಂದು ಉತ್ತರ ಕನ್ನಡ ಜಿಲ್ಲೆಯಲ್ಲಿ ಜನಿಸಿದರು. ಮುಂಬಯಿಯ ರಂಗಭೂಮಿಯಲ್ಲಿ ಪಳಗಿದ ಇವರು ಗಿರೀಶ್ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978) ಚಿತ್ರದ ಮೂಲಕ ಪ್ರಸಿದ್ಧರಾದರು. ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯು ಇವರಿಗೆ ರಾಷ್ಟ್ರಮಟ್ಟದ ಕೀರ್ತಿಯನ್ನು ತಂದಿತು.

1985ರಲ್ಲಿ ಇವರು ನಿರ್ದೇಶಿಸಿದ ‘ಆಕ್ಸಿಡೆಂಟ್’ ಚಿತ್ರವು, ಅಮಲಿನಲ್ಲಿ ಕಾರು ಚಲಾಯಿಸಿ, ರಸ್ತೆಬದಿಯಲ್ಲಿ ಮಲಗಿದ್ದ ಬಡವರ ಸಾವಿಗೆ ಕಾರಣನಾದ ರಾಜಕಾರಣಿಯ ಮಗನ ಕಥೆಯಾಗಿದೆ. ಇದಕ್ಕೆ ರಾಷ್ಟ್ರ ಪ್ರಶಸ್ತಿಯೂ ಲಭಿಸಿತು. ರಸ್ತೆಯಲ್ಲಿ ಮಡಿಯುವ ಅನಾಮಿಕರ ಪರವಾಗಿ ಚಿತ್ರ ನಿರ್ಮಿಸಿದ ಇದೇ ಕಲಾವಿದರು 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಸಮೀಪದ ಆನಗೋಡು ಬಳಿ ಕಾರು ಅಪಘಾತದಲ್ಲಿ ನಿಧನರಾದರು. ಆಗ ಅವರ ವಯಸ್ಸು 35. ಜೊತೆಯಲ್ಲಿದ್ದ ಪತ್ನಿ ಅರುಂಧತಿ ನಾಗ್ ತೀವ್ರವಾಗಿ ಗಾಯಗೊಂಡರು. ಚೇತರಿಸಿಕೊಂಡ ಅವರ ಪರಿಶ್ರಮದಿಂದ ಪತಿಯ ನೆನಪಿನ ‘ರಂಗಶಂಕರ’ ರಂಗಮಂದಿರವು 2004ರಲ್ಲಿ ಜೆ.ಪಿ. ನಗರದಲ್ಲಿ ಆರಂಭವಾಯಿತು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 11.9 ಲಕ್ಷ ಜನರು ರಸ್ತೆ ಅಪಘಾತಗಳಲ್ಲಿ ಮೃತಪಟ್ಟಿದ್ದಾರೆ. ಭಾರತದಲ್ಲಿ 2022ರಲ್ಲಿ ಸಂಭವಿಸಿದ ಇಂತಹ ಸಾವುಗಳ ಸಂಖ್ಯೆ 1,68,491. 5ರಿಂದ 29 ವರ್ಷ ವಯೋಮಾನದವರ ಸಾವಿಗೆ ವಿಶ್ವದಲ್ಲಿ ರಸ್ತೆ ಅಪಘಾತವೇ ಪ್ರಥಮ ಕಾರಣವಾಗಿದೆ. ಇವರೆಲ್ಲರ ಭಾವಚಿತ್ರಗಳು ಆಟೋಗಳ ಮೇಲೆ ಕಾಣಸಿಗುವುದಿಲ್ಲ. ಆದರೆ ಪ್ರತಿಯೊಬ್ಬರ ಮನೆಯಲ್ಲಿಯೂ ಒಂದು ಸ್ಥಾನ ಬರಿದಾಗಿದೆ.

ಸಾರ್ವಜನಿಕರು ವೇಗಮಿತಿಯನ್ನು ಪಾಲಿಸುವುದು, ಕಾರಿನಲ್ಲಿ ಸೀಟ್ ಬೆಲ್ಟ್ ಹಾಗೂ ದ್ವಿಚಕ್ರ ವಾಹನದಲ್ಲಿ ಹೆಲ್ಮೆಟ್ ಧರಿಸುವುದು, ಮದ್ಯಪಾನ ಮಾಡಿ ವಾಹನ ಚಲಾಯಿಸದಿರುವುದು ಅತ್ಯವಶ್ಯಕ. ಅಪಘಾತ ಕಂಡಲ್ಲಿ ತಕ್ಷಣ 108ಕ್ಕೆ ಕರೆ ಮಾಡತಕ್ಕದ್ದು.