ಶಿವಶರಣೆ ಆಯ್ದಕ್ಕಿ ಲಕ್ಕಮ್ಮ: ಅಂದಂದಿನ ಆನಂದ

ಸುಖವನ್ನು ಬಯಸುವುದು ಜೀವಸ್ವಭಾವ. ಆದರೆ ಆ ಸುಖವು ಯಾವಾಗಲೂ ಮುಂದೆಲ್ಲಿಯೋ ಇದೆಯೆಂದು ಭಾವಿಸಿ ಮನುಷ್ಯನು ಬಳಲುತ್ತಾನೆ. ಮಗನ ವಿದ್ಯೆ ಮುಗಿಯಲಿ, ಮಗಳ ಲಗ್ನವಾಗಲಿ, ಕೊಂಡ ಹೊಲದ ಸಾಲ ತೀರಲಿ, ಆಮೇಲೆ ನೆಮ್ಮದಿಯಾಗಿ ಕುಳಿತೇನು ಎಂದು ಗೃಹಸ್ಥನು ದಿನಗಳನ್ನು ಎಣಿಸುತ್ತಾನೆ. ಒಂದು ತೀರುವಷ್ಟರಲ್ಲಿ ಇನ್ನೊಂದು ಹುಟ್ಟಿಕೊಂಡಿರುತ್ತದೆ. ಹೀಗೆ ಕಾಯುತ್ತ ಕುಳಿತವನ ಕಣ್ಣೆದುರಿಗೇ ಪ್ರಾತಃಕಾಲದ ಪೂಜೆಯ ಶಾಂತಿ, ಬಿಸಿಯನ್ನದ ಪರಿಮಳ, ಮಕ್ಕಳ ತೊದಲುನುಡಿ, ಸಾಯಂಕಾಲದ ಸತ್ಸಂಗ ಇವೆಲ್ಲವೂ ಬಂದು ಹೋಗುತ್ತವೆ. ಅವು ಬಂದದ್ದೂ ಹೋದದ್ದೂ ಅವನ ಲಕ್ಷ್ಯಕ್ಕೆ ಬರುವುದಿಲ್ಲ. ಕೈಗೆ ಬಂದ ಈ ಕಿರುಸಂತೋಷಗಳನ್ನು ಕಳೆದುಕೊಳ್ಳದೆ ಬಾಳುವ ಬಗೆ ಯಾವುದು? ಈ ಪ್ರಶ್ನೆಗೆ ಗ್ರಂಥಪಾಂಡಿತ್ಯದಿಂದಲ್ಲ, ತನ್ನ ಸಂಸಾರದ ನಡೆಯಿಂದಲೇ ಉತ್ತರವಿತ್ತ ಮಹಾತಾಯಿ ಆಯ್ದಕ್ಕಿ ಲಕ್ಕಮ್ಮ.

ಲಕ್ಕಮ್ಮನ ಕಾಲ ಕ್ರಿಸ್ತಶಕ 12ನೆಯ ಶತಮಾನ. ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿಗೆ ಸೇರಿದ ಅಮರೇಶ್ವರವು ಆಕೆಯ ಮತ್ತು ಆಕೆಯ ಪತಿ ಮಾರಯ್ಯನ ಊರು. ಅಲ್ಲಿ ನೆಲೆಸಿದ ಅಮರೇಶ್ವರಲಿಂಗನ ಹೆಸರನ್ನೇ ಮಾರಯ್ಯನು ತನ್ನ ವಚನಗಳಿಗೆ ಅಂಕಿತವಾಗಿ ಇಟ್ಟುಕೊಂಡನು. ಲಕ್ಕಮ್ಮನು ಆ ಅಂಕಿತಕ್ಕೆ ಮಾರಯ್ಯಪ್ರಿಯ ಎಂಬ ವಿಶೇಷಣವನ್ನು ಕೂಡಿಸಿ ತನ್ನ ಅಂಕಿತವನ್ನಾಗಿ ಮಾಡಿಕೊಂಡಳು. ಪತಿಯ ಇಷ್ಟದೈವವನ್ನು ಪತಿಯ ಹೆಸರಿನೊಡನೆಯೇ ಸ್ಮರಿಸುವ ಈ ಅಂಕಿತವೊಂದೇ ಆ ದಂಪತಿಗಳ ಅನ್ಯೋನ್ಯತೆಗೆ ಸಾಕ್ಷಿಯಾಗಿದೆ. ಇಂದು ಲಕ್ಕಮ್ಮನ 25 ವಚನಗಳೂ ಮಾರಯ್ಯನ ಮೂವತ್ತಕ್ಕೆ ಮಿಕ್ಕ ವಚನಗಳೂ ದೊರೆತಿವೆ.

ಬಸವಣ್ಣನವರ ಕೀರ್ತಿಯು ನಾಲ್ಕು ದೆಸೆಗೂ ಹಬ್ಬಿದ ಕಾಲವದು. ಕಲಚುರಿ ಬಿಜ್ಜಳನ ರಾಜಧಾನಿಯಾಗಿದ್ದ ಕಲ್ಯಾಣಕ್ಕೆ, ಅಂದರೆ ಈಗ ಬೀದರ ಜಿಲ್ಲೆಯಲ್ಲಿರುವ ಬಸವಕಲ್ಯಾಣಕ್ಕೆ, ನಾನಾ ಕಡೆಗಳಿಂದ ಶರಣರು ಬಂದು ಸೇರುತ್ತಿದ್ದರು. ಹಗ್ಗ ಹೊಸೆಯುವವರು, ಕಟ್ಟಿಗೆ ಹೊರುವವರು, ದೋಣಿ ನಡೆಸುವವರು, ಬಟ್ಟೆ ಮಡಿ ಮಾಡುವವರು ಇವರೆಲ್ಲರೂ ಅಲ್ಲಿ ಒಂದೇ ಪಂಕ್ತಿಗೆ ಸಲ್ಲುವ ಭಕ್ತರಾದರು. ಮಾರಯ್ಯ ಲಕ್ಕಮ್ಮರೂ ಅಮರೇಶ್ವರವನ್ನು ಬಿಟ್ಟು ಆ ಶರಣಸಂಕುಲವನ್ನು ಸೇರಿಕೊಂಡರು.

ಅವರು ಅಲ್ಲಿ ಕೈಕೊಂಡ ಕಾಯಕವು ಲೋಕದ ಕಣ್ಣಿಗೆ ಅತ್ಯಲ್ಪವಾದುದು. ಬಸವಣ್ಣನವರ ಮಹಾಮನೆಯಲ್ಲಿ ನಿತ್ಯವೂ ಜಂಗಮದಾಸೋಹ ನಡೆಯುತ್ತಿತ್ತು. ಅಕ್ಕಿಯನ್ನು ಅಳೆಯುವಾಗ, ಹೊರುವಾಗ, ಕೇರುವಾಗ ಅಂಗಳದಲ್ಲಿ ಕಾಳುಗಳು ಚೆಲ್ಲುವುದು ಸಹಜ. ಹಾಗೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಮಾರಯ್ಯನ ಕಾಯಕ. ಆಯ್ದ ಎಂಬುದಕ್ಕೆ ಅಕ್ಕಿ ಎಂಬುದು ಸೇರಿ, ಲೋಪಸಂಧಿಯಾಗಿ, ಆಯ್ದಕ್ಕಿ ಎಂಬ ಪದವಾಯಿತು. ಅದೇ ಅವರ ಮನೆತನದ ಹೆಸರಿನಂತೆ ಎಂಟುನೂರು ವರ್ಷಗಳಿಂದ ನಿಂತುಬಿಟ್ಟಿದೆ. ರಾಜರ ಬಿರುದಾವಳಿಗಳನ್ನು ಮರೆತ ಜನರು ನೆಲದ ಮೇಲಿನ ಕಾಳನ್ನು ಆಯ್ದವರ ಹೆಸರನ್ನು ಮರೆಯಲಿಲ್ಲ.

ಈ ಕಾಯಕವನ್ನು ಭಿಕ್ಷೆಯೆಂದು ಎಣಿಸಕೂಡದು. ಭಿಕ್ಷೆಗೆ ಕೊಡುವವನೊಬ್ಬನು ಬೇಕು, ಅವನ ಮುಖವನ್ನು ನೋಡಿ ನಿಲ್ಲಬೇಕು. ಇಲ್ಲಿ ಯಾರ ಮುಖವನ್ನೂ ನೋಡಬೇಕಾಗಿಲ್ಲ, ನೋಡಬೇಕಾದುದು ನೆಲವನ್ನು. ಬೆನ್ನು ಬಾಗಬೇಕು, ಕಣ್ಣು ಚುರುಕಾಗಿರಬೇಕು, ಬೆರಳಿಗೆ ತಾಳ್ಮೆ ಇರಬೇಕು. ಆಯ್ದ ಅಕ್ಕಿಯಲ್ಲಿ ಮಣ್ಣೂ ಹರಳೂ ಬೆರೆತಿರುತ್ತವೆ. ಮನೆಗೆ ಬಂದ ಮೇಲೆ ಅದನ್ನು ಮೊರದಲ್ಲಿ ಹಾಕಿ ಕೇರಬೇಕು, ಹರಳನ್ನು ಆರಿಸಬೇಕು, ಎರಡು ಮೂರು ನೀರಿನಲ್ಲಿ ತೊಳೆಯಬೇಕು. ಪತಿಯ ದುಡಿಮೆ ಎಲ್ಲಿ ನಿಲ್ಲುವುದೋ ಅಲ್ಲಿಂದ ಸತಿಯ ದುಡಿಮೆ ಮೊದಲಾಗುವುದು. ಹೀಗೆ ಇಬ್ಬರ ಕೈಯಿಂದ ಶುದ್ಧವಾದ ಅಕ್ಕಿಯೇ ಅನ್ನವಾಗಿ, ಲಿಂಗಕ್ಕೆ ಅರ್ಪಿತವಾಗಿ, ಬಂದ ಜಂಗಮಕ್ಕೆ ಸಂದು, ಉಳಿದುದು ಅವರಿಗೆ ಪ್ರಸಾದವಾಗುತ್ತಿತ್ತು. ಜೋಳದ ಸೀಮೆಯಲ್ಲಿ ಅಕ್ಕಿಯ ಅನ್ನವೇ ಒಂದು ಸಂಭ್ರಮ. ಅದರ ಒಂದೊಂದು ಅಗುಳೂ ತನ್ನ ಕೈಯನ್ನು ಹಾದುಬಂದುದೆಂದು ಬಲ್ಲವನಿಗೆ ಆ ಊಟದ ಸವಿಯೇ ಬೇರೆ. ಅಂದಿನ ಅಕ್ಕಿ ಅಂದಿಗೆ ತೀರಿತು, ನಾಳಿನದು ನಾಳೆಗೆ. ಅವರ ಗುಡಿಸಲಿನ ಐಶ್ವರ್ಯ ಇಷ್ಟೇ.

ಇಂತಹ ಸರಳವಾದ ಬಾಳಿಗೂ ಒಂದು ದಿನ ಪರೀಕ್ಷೆ ಒದಗಿತು. 15ನೆಯ ಶತಮಾನದಲ್ಲಿ ಮೊದಲು ಸಂಕಲಿತವಾಗಿ ಮುಂದೆ ಬೆಳೆದುಬಂದ ಶೂನ್ಯಸಂಪಾದನೆಯ ಪರಂಪರೆಯಲ್ಲಿ ಈ ಪ್ರಸಂಗವು ಹೃದಯಂಗಮವಾಗಿ ನಿರೂಪಿತವಾಗಿದೆ. ಒಂದು ದಿನ ಮಾರಯ್ಯನು ಅನುಭವಗೋಷ್ಠಿಯಲ್ಲಿ ಕುಳಿತಿದ್ದನು. ಅಲ್ಲಮಪ್ರಭುದೇವರ ಮಾತಿನ ಮಾಧುರ್ಯದಲ್ಲಿ ಅವನ ಮನಸ್ಸು ಮುಳುಗಿಹೋಯಿತು. ಹೊತ್ತು ಏರಿತು, ಕಾಯಕದ ವೇಳೆ ಮೀರಿತು. ಅವನಿಗೆ ಅದರ ಪರಿವೆಯಿಲ್ಲ. ಮನೆಯಲ್ಲಿ ಲಕ್ಕಮ್ಮನು ದಾರಿ ನೋಡಿದಳು. ಪತಿಯು ಬಾರದಿರಲು ಅವನಿದ್ದ ಕಡೆಗೆ ತಾನೇ ಬಂದು, ಕಾಯಕವು ನಿಂತುಹೋಗಿದೆ, ಬೇಗ ಹೋಗಬೇಕೆಂದು ನೆನಪು ಮಾಡಿಕೊಟ್ಟಳು.

ಮಾರಯ್ಯನು ಅಂದು ಕುಳಿತಿದ್ದುದು ಜೂಜಿನ ಕಟ್ಟೆಯ ಮೇಲಲ್ಲ. ಅವನು ಕೇಳುತ್ತಿದ್ದುದು ಪರಮಾರ್ಥವಿಚಾರ. ಅಂತಹ ಒಳ್ಳೆಯ ಸಂತೋಷವಾದರೂ ಕಾಯಕವನ್ನು ನಿಲ್ಲಿಸುವಂತಾದರೆ ಅದು ಹದ ತಪ್ಪಿದ ಸಂತೋಷವೆಂದು ಲಕ್ಕಮ್ಮನ ಅಭಿಪ್ರಾಯ. ದುಡಿಮೆಯಿಂದ ತಪ್ಪಿಸಿಕೊಂಡು ಪಡೆದ ವಿಶ್ರಾಂತಿಯು ಮನಸ್ಸಿನ ಮೂಲೆಯಲ್ಲಿ ಹರಳಿನಂತೆ ಒತ್ತುತ್ತಲೇ ಇರುತ್ತದೆ. ಕಾಯಕವನ್ನೇ ಕೈಲಾಸವೆಂದು ಸಾರಿದ ಕೀರ್ತಿಗೆ ಮಾರಯ್ಯನು ಪಾತ್ರನಾಗಿದ್ದಾನೆ. ಕಾಯಕದಲ್ಲಿ ನಿರತನಾದವನು ಗುರುವಿನ ದರ್ಶನದ ಹಂಬಲವನ್ನು ಸಹ ಆ ಹೊತ್ತಿಗೆ ಬದಿಗಿಡಬೇಕೆಂಬುದು ಅವನ ವಚನದ ತಾತ್ಪರ್ಯ. ಆ ಮಾತಿನ ಹಿಂದೆ ಲಕ್ಕಮ್ಮನು ಅವನನ್ನು ಎಬ್ಬಿಸಿ ಕಳುಹಿಸಿದ ಆ ದಿನದ ನೆನಪು ಓದುಗನಿಗೆ ತಾನಾಗಿಯೇ ಬರುತ್ತದೆ.

ಎಚ್ಚತ್ತ ಮಾರಯ್ಯನು ಲಗುಬಗೆಯಿಂದ ಮಹಾಮನೆಯ ಅಂಗಳಕ್ಕೆ ನಡೆದನು. ಅಂದು ಅಲ್ಲಿ ಎಂದಿಗಿಂತ ಹೆಚ್ಚು ಅಕ್ಕಿ ಬಿದ್ದಿತ್ತು. ಈ ದಂಪತಿಗಳ ನಿಷ್ಠೆಯನ್ನು ನೋಡಲೆಂದು ಬಸವಣ್ಣನವರೇ ಹಾಗೆ ಚೆಲ್ಲಿಸಿದ್ದರೆಂದು ಹೇಳುತ್ತಾರೆ. ಹೊತ್ತಾಯಿತೆಂಬ ಆತುರದಲ್ಲಿ ಮಾರಯ್ಯನು ಕಂಡುದನ್ನೆಲ್ಲ ಬಾಚಿ ತಂದು ಸತಿಯ ಮುಂದಿಟ್ಟನು. ಬಡವನ ಮನೆಗೆ ಎರಡು ದಿನದ ಧಾನ್ಯ ಒಮ್ಮೆಗೇ ಬಂದರೆ ಯಾವ ಗೃಹಿಣಿಯ ಮುಖ ಅರಳದು? ಆದರೆ ಲಕ್ಕಮ್ಮನು ಅಕ್ಕಿಯನ್ನು ನೋಡಿದಳು, ಪತಿಯ ಮುಖವನ್ನು ನೋಡಿದಳು. ಇದು ತಮ್ಮಿಬ್ಬರ ಎಂದಿನ ಪ್ರಮಾಣವಲ್ಲ; ಇಂತಹ ಎರಡನೆಯ ಮನಸ್ಸು ಪತಿಯದೋ, ಅಥವಾ ತಮ್ಮನ್ನು ಒರೆಗೆ ಹಚ್ಚಲು ಬಸವಣ್ಣನವರು ಮಾಡಿದ ಉಪಾಯವೋ ಎಂದು ಕೇಳಿದಳು. ಹೆಚ್ಚಿಗೆ ಬೇಕೆಂಬ ಆಸೆಯು ಅರಸುಗಳಿಗೆ ಒಪ್ಪಬಹುದು, ಶಿವಭಕ್ತರಿಗೆ ಸಲ್ಲದು. ಇದನ್ನು ಈಶ್ವರನು ಒಪ್ಪುವುದಿಲ್ಲವೆಂದು ಹೇಳಿ, ಮಿಕ್ಕ ಅಕ್ಕಿಯನ್ನು ತಂದಲ್ಲಿಗೇ ಒಯ್ದು ಸುರಿದು ಬರಬೇಕೆಂದಳು. ಮಾರಯ್ಯನು ಮರುಮಾತಾಡದೆ ಹಾಗೆಯೇ ಮಾಡಿದನು.

ಇಲ್ಲಿ ಒಂದು ಸಂದೇಹ ಬರುವುದುಂಟು. ಆ ಅಕ್ಕಿಯು ಕದ್ದುದಲ್ಲ, ಮೋಸದಿಂದ ಪಡೆದುದಲ್ಲ, ನೆಲದ ಪಾಲಾಗಿದ್ದುದು. ಅದನ್ನು ಹಿಂದಕ್ಕೆ ಕೊಡುವ ಅಗತ್ಯವೇನಿತ್ತು? ಲಕ್ಕಮ್ಮನ ಬಾಳನ್ನು ಕುರಿತು ಆಲೋಚಿಸಿದರೆ ಸಮಾಧಾನವು ದೊರೆಯುತ್ತದೆ. ಒಂದು ದಿನದ ಅಕ್ಕಿ ಮನೆಗೆ ಬಂದರೆ ಅದರೊಡನೆ ಬರುವುದು ಹಸಿವಿನ ಶಾಂತಿ. ಎರಡು ದಿನದ ಅಕ್ಕಿ ಬಂದರೆ ಅದರ ಹಿಂದೆಯೇ ಲೆಕ್ಕವೂ ಬರುತ್ತದೆ. ಇದನ್ನು ಎಲ್ಲಿ ಇಡುವುದು, ಇಲಿಯಿಂದ ಹೇಗೆ ಕಾಯುವುದು, ನಾಳೆ ಇನ್ನಷ್ಟು ಸಿಕ್ಕೀತೇ ಎಂಬ ಲೆಕ್ಕ. ಅಲ್ಲಿಂದ ಮುಂದೆ ಉಣ್ಣುವಾಗ ನಾಲಗೆ ಅನ್ನದ ಮೇಲೂ ಮನಸ್ಸು ಮಡಕೆಯ ಮೇಲೂ ಇರುತ್ತದೆ. ಇಷ್ಟೇ ಅಲ್ಲದೆ, ಅಂಗಳದಲ್ಲಿ ಬಿದ್ದ ಕಾಳಿಗೆ ಮಾರಯ್ಯನೊಬ್ಬನೇ ಹಕ್ಕುದಾರನಲ್ಲ. ಗುಬ್ಬಿಯುಂಟು, ಇರುವೆಯುಂಟು, ಅವನಿಗಿಂತಲೂ ಹಸಿದು ಬರುವ ಇನ್ನೊಬ್ಬನುಂಟು. ತನ್ನ ಹದವನ್ನು ಮೀರಿ ಬಾಚಿದವನು ಕಾಣದ ಒಬ್ಬನ ತುತ್ತನ್ನು ಕಸಿದಂತಾಯಿತು.

ಒಂದೇ ದಿನದಲ್ಲಿ ಲಕ್ಕಮ್ಮನು ಪತಿಯನ್ನು ಎರಡು ಸಲ ತಿದ್ದಿದಳೆಂಬುದು ಗಮನಾರ್ಹ. ದುಡಿಮೆ ಕಡಿಮೆಯಾದಾಗ ಒಮ್ಮೆ, ಗಳಿಕೆ ಹೆಚ್ಚಾದಾಗ ಇನ್ನೊಮ್ಮೆ. ಸಂತೃಪ್ತಿ ಎಂಬುದು ಸೋಮಾರಿತನದ ಹೆಸರಲ್ಲ. ಉದ್ಯೋಗ ಎಂಬುದು ದುರಾಸೆಯ ಹೆಸರೂ ಅಲ್ಲ. ಇವೆರಡರ ನಡುವೆ ಒಂದು ಕಿರಿದಾದ ದಾರಿಯುಂಟು. ಸಂಸಾರದ ಸವಿಯೆಲ್ಲವೂ ಆ ದಾರಿಯ ಮೇಲೆಯೇ ಇದೆ. ಲಕ್ಕಮ್ಮನಿಗೆ ಅದು ಅಂಗೈಯ ರೇಖೆಯಂತೆ ಗೊತ್ತಿತ್ತು.

ಮುಂದೆ ಬಸವಣ್ಣನವರು 1,96,000 ಜಂಗಮರೊಡನೆ ಈ ಬಡದಂಪತಿಗಳ ಮನೆಗೆ ಬಂದರೆಂದೂ, ಲಕ್ಕಮ್ಮನು ಅಂದಿನ ಸ್ವಲ್ಪ ಅಕ್ಕಿಯಿಂದಲೇ ಎಲ್ಲರನ್ನೂ ತೃಪ್ತಿಪಡಿಸಿದಳೆಂದೂ ಪ್ರತೀತಿ ಇದೆ. ಭಕ್ತರು ಇದನ್ನು ಮಹಿಮೆಯೆಂದು ಕೊಂಡಾಡುತ್ತಾರೆ. ವಿಚಾರಿಸಿ ನೋಡುವವರಿಗೆ ಇದರಲ್ಲಿ ಇನ್ನೊಂದು ಅರ್ಥವೂ ಹೊಳೆಯುತ್ತದೆ. ಮಹಾಮಂತ್ರಿಯ ಅಂಗಳದಲ್ಲಿ ಬಿದ್ದ ಅಕ್ಕಿಯೇ ಆ ಮನೆಯಲ್ಲಿ ಅನ್ನವಾಗಿ ಆ ಮಂತ್ರಿಯ ಎಡೆಗೆ ಬಂತು. ದಾಸೋಹ ಮಾಡಲು ಭಂಡಾರ ಬೇಕು, ನಮ್ಮಂಥ ಬಡವರಿಂದ ಏನಾದೀತು ಎಂಬ ನೆವಕ್ಕೆ ಅಲ್ಲಿ ಅವಕಾಶವೇ ಉಳಿಯಲಿಲ್ಲ. ಮನಸ್ಸು ಶುದ್ಧವಾಗಿಲ್ಲದವನಿಗೆ ಮಾತ್ರ ದ್ರವ್ಯದ ಬಡತನ. ಚಿತ್ತಶುದ್ಧಿಯಿಂದ ದುಡಿಯುವವನಿಗೆ ನೋಡಿದ ಕಡೆಯೆಲ್ಲ ಸಿರಿಯೇ ಎಂಬ ಭಾವವು ಆಕೆಯ ವಚನವೊಂದರಲ್ಲಿ ಬಂದಿದೆ. ಬಡತನವು ಒಳ್ಳೆಯದೆಂದು ಆಕೆ ಹೇಳಲಿಲ್ಲ. ತಾನು ಬಡವಳೆಂಬುದನ್ನೇ ಆಕೆ ಒಪ್ಪಲಿಲ್ಲ.

ಒಂದು ಸಂದರ್ಭದಲ್ಲಿ ಮಾರಯ್ಯನಿಗೆ ಮುಕ್ತಿಯ ಹಂಬಲವು ತೀವ್ರವಾಯಿತು. ಇಷ್ಟು ಕಾಲ ಮಾಡಿದೆವು, ನೀಡಿದೆವು. ಇನ್ನು ಲಿಂಗೈಕ್ಯದ ದಾರಿಯಾವುದೆಂದು ಅವನ ಚಿತ್ತ ತವಕಿಸಿತು. ಆಗ ಅವನಿಗೆ ಅರಿವು ಕೊಟ್ಟವಳು ಲಕ್ಕಮ್ಮನೇ. ಕೈಲಾಸವು ದುಡಿದವನು ದಿನದ ಕೊನೆಗೆ ಕೈಯೊಡ್ಡಿ ಎಣಿಸಿಕೊಳ್ಳುವ ಸಂಬಳವಲ್ಲವೆಂದು ಆಕೆ ತಿಳಿಸಿದಳು. ಮುಂದಿನದನ್ನು ಕಲ್ಪಿಸಿ ತವಕಿಸದೆ, ಹಿಂದಿನದನ್ನು ನೆನೆದು ಕೊರಗದೆ, ಇದ್ದ ಎಡೆಯಲ್ಲಿ ಪೂರ್ಣವಾಗಿ ಇರಬಲ್ಲವನಿಗೆ ಲಿಂಗವಿದ್ದ ಸ್ಥಳವೇ ಕೈಲಾಸವೆಂಬುದು ಆಕೆಯ ಬೋಧೆಯ ಸಾರ. ಪತಿಯು ಸತಿಯ ಮಾತನ್ನು ಗುರುವಾಕ್ಯದಂತೆ ಕೇಳಿದನು. ಸ್ತ್ರೀಗೆ ಶಾಸ್ತ್ರಾಧಿಕಾರವಿಲ್ಲವೆಂದು ಲೋಕವು ನಂಬಿದ್ದ ಕಾಲದಲ್ಲಿ, ಒಲೆಯ ಮುಂದೆ ಕುಳಿತ ಗೃಹಿಣಿಯೊಬ್ಬಳು ಪರಮಾರ್ಥದ ಮಾತನ್ನಾಡಿದಳು. ಶರಣರು ಅದನ್ನು ಬರೆದಿಟ್ಟು ಕಾಪಾಡಿದರು.

1167ರ ಸುಮಾರಿಗೆ ಕಲ್ಯಾಣದಲ್ಲಿ ವಿಪ್ಲವವಾಗಿ ಶರಣರು ದಿಕ್ಕುದಿಕ್ಕಿಗೆ ಚದುರಿದರು. ಬಿಜ್ಜಳನ ಸಿಂಹಾಸನ ಹೋಯಿತು. ಮಹಾಮನೆಯ ಅಂಗಳವೂ ಹೋಯಿತು. ಉಳಿದುವು ತಾಳೆಗರಿಗಳ ಮೇಲಿನ ಮಾತುಗಳು. ಫ. ಗು. ಹಳಕಟ್ಟಿಯವರು (1880–1964) ಊರೂರು ತಿರುಗಿ ಕಟ್ಟುಗಳನ್ನು ಸಂಗ್ರಹಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಬೆಳಕಿಗೆ ತಂದಂದಿನಿಂದ ಇಂತಹ ಶರಣರ ನುಡಿಗಳು ಮನೆಮನೆಗೂ ಮುಟ್ಟತೊಡಗಿದುವು. 1993ರಲ್ಲಿ ಕರ್ನಾಟಕ ಸರ್ಕಾರವು ಪ್ರಕಟಿಸಿದ ಸಮಗ್ರ ವಚನ ಸಂಪುಟಗಳಲ್ಲಿ ಲಕ್ಕಮ್ಮನ ವಚನಗಳು ಉಳಿದ ಶರಣೆಯರ ವಚನಗಳೊಡನೆ ಸೇರಿವೆ. ಚೆಲ್ಲಿದ ಕಾಳುಗಳನ್ನು ಆಯ್ದ ತಾಯಿಯ ಮಾತುಗಳನ್ನು ಮುಂದಿನವರು ಹೀಗೆ ಒಂದೊಂದಾಗಿ ಆಯ್ದು ಕೂಡಿಸಿದರು.

ಇಂದಿನ ಗೃಹಸ್ಥನಿಗೆ ಅಕ್ಕಿಯನ್ನು ನೆಲದಿಂದ ಆಯುವ ಪ್ರಸಂಗ ಬಾರದೆ ಇರಬಹುದು. ಆದರೆ ಪ್ರತಿಯೊಂದು ದಿನವೂ ಅವನ ಅಂಗಳದಲ್ಲಿ ಕೆಲವು ಸಂತೋಷದ ಕಾಳುಗಳನ್ನು ಚೆಲ್ಲಿಯೇ ಹೋಗುತ್ತದೆ. ಮಾಡಿ ಮುಗಿಸಿದ ಒಂದು ಕೆಲಸ, ಪಕ್ಕದಲ್ಲಿ ಕುಳಿತು ಉಣ್ಣುವವರ ತೃಪ್ತಿ, ಬಾಗಿಲಿಗೆ ಬಂದ ಅತಿಥಿ, ದೀಪ ಹಚ್ಚುವ ಹೊತ್ತಿನ ಮೌನ. ಇವು ಅತ್ಯಲ್ಪವಾದುದರಿಂದ ನಿಂತವನ ಕಣ್ಣಿಗೆ ಬೀಳುವುದಿಲ್ಲ, ಬಾಗಿದವನಿಗೆ ಮಾತ್ರ ಕಾಣುತ್ತವೆ. ಬಾಗಲು ವಿನಯ ಬೇಕು. ಆಯಲು ತಾಳ್ಮೆ ಬೇಕು. ಸಾಕೆನ್ನಲು ಧೈರ್ಯ ಬೇಕು. ಈ ಮೂರನ್ನೂ ತನ್ನ ಬಾಳಿನಲ್ಲಿ ತೋರಿದ ಲಕ್ಕಮ್ಮ ತಾಯಿಯನ್ನು ನೆನೆದು, ಇಂದು ರಾತ್ರಿ ಪ್ರಸಾದಕ್ಕೆ ಕುಳಿತಾಗ ಮೊದಲ ತುತ್ತನ್ನಾದರೂ ನಾಳಿನ ಚಿಂತೆಯನ್ನು ಬೆರೆಸದೆ ಸ್ವೀಕರಿಸಿದರೆ, ಆಕೆಯ ಚರಿತ್ರೆಯನ್ನು ಓದಿದ್ದಕ್ಕೆ ಫಲ ಬಂದಂತಾಯಿತು.