ಆನಂದಪುರದ ಆನಂದರಾಯರು

ಕೊಡಗಿನ ಸಿದ್ದಾಪುರದ ಆಸುಪಾಸಿನಲ್ಲಿ, ಕಾಫಿಯ ತೋಟಗಳ ನಡುವೆ, ಆನಂದಪುರವೆಂಬ ಚಿಕ್ಕದೊಂದು ಊರಿದೆ. ಹೆಸರನ್ನು ಮಾತ್ರ ಕೇಳಿದವರು ಇದು ಯಾವನೋ ಅರಸನು ಬ್ರಾಹ್ಮಣರಿಗೆ ದತ್ತಿಬಿಟ್ಟ ಅಗ್ರಹಾರವಿರಬೇಕೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಊಹೆ ಅರ್ಧ ಸರಿ, ಅರ್ಧ ತಪ್ಪು. ಊರು ಹೊತ್ತಿರುವುದು ಒಬ್ಬ ಬ್ರಾಹ್ಮಣ ವಂಶೀಯರ ಹೆಸರನ್ನೇ. ಆದರೆ ಅಲ್ಲಿ ಮೊದಲು ನೆಲೆನಿಂತವರು, ಹೊಲಗದ್ದೆಗಳೊಡನೆ ತಾವೂ ಕೈಯಿಂದ ಕೈಗೆ ಸಾಗುತ್ತಿದ್ದ ಜೀತದಾಳುಗಳು. ಈ ಎರಡು ತುದಿಗಳು ಒಂದು ಊರಿನ ಹೆಸರಿನಲ್ಲಿ ಕೂಡಿದ ಬಗೆ ಹೇಗೆ ಎಂಬುದೇ ಹೆರ್ಮನ್ ಆನಂದರಾವ್ ಕೌಂಡಿನ್ಯರ ಜೀವನಚರಿತ್ರೆ.

ಆನಂದರಾಯರು 1825ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನವೊಂದರಲ್ಲಿ ಜನಿಸಿದರು. ಅಂದಿನ ಮಂಗಳೂರು ಬಂದರೂ ಕಚೇರಿಯೂ ಕೂಡಿದ ಪಟ್ಟಣ. 1799ರಲ್ಲಿ ಟಿಪ್ಪುವಿನ ಪತನವಾದ ಬಳಿಕ ಕನ್ನಡ ಜಿಲ್ಲೆ ಕಂಪೆನಿ ಸರಕಾರದ ಕೈಗೆ ಬಂದಿತ್ತು. ಅಲ್ಲಿನ ಸಾರಸ್ವತ ಮನೆಗಳಲ್ಲಿ ಆಡುವ ಮಾತು ಕೊಂಕಣಿ, ಲೆಕ್ಕಪತ್ರಕ್ಕೂ ಓದುಬರಹಕ್ಕೂ ಕನ್ನಡ, ಕರ್ಮಾಂಗಗಳಿಗೆ ಸಂಸ್ಕೃತ. ಇವುಗಳ ಜೊತೆಗೆ ಇಂಗ್ಲಿಷೂ ಬಂದರೆ ಹುಡುಗನಿಗೆ ಕಚೇರಿಯಲ್ಲಿ ಉದ್ಯೋಗ ಸಿದ್ಧ ಎಂಬ ಕಾಲವದು. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಿಂದ ಬಂದ ಮೂವರು ಮಿಷನರಿಗಳು ಮಂಗಳೂರಿನಲ್ಲಿ ಕೆಲಸ ಆರಂಭಿಸಿದರು. ಕೆಲವು ವರ್ಷಗಳಲ್ಲೇ ಅವರ ಇಂಗ್ಲಿಷ್ ಶಾಲೆಯೂ ತೆರೆಯಿತು. ಪಾದ್ರಿಯಿಂದ ಭಾಷೆಯನ್ನು ಪಡೆದು ಮತವನ್ನು ಅಲ್ಲೇ ಬಿಟ್ಟು ಬರಬಹುದೆಂಬ ಧೈರ್ಯದಿಂದ ಹಿರಿಯರು ಮಕ್ಕಳನ್ನು ಅಲ್ಲಿಗೆ ಕಳುಹಿಸಿದರು. ಬಹುಮಂದಿ ಮಕ್ಕಳು ಹಾಗೆಯೇ ಮಾಡಿದರು ಕೂಡ.

ಎಲ್ಲರೂ ಹಾಗೆ ಮಾಡಲಿಲ್ಲ. ಕಲ್ಕತ್ತೆಯಲ್ಲಿ ಕುಲೀನ ಬ್ರಾಹ್ಮಣರಾದ ಕೃಷ್ಣಮೋಹನ ಬ್ಯಾನರ್ಜಿ 1832ರಲ್ಲಿ ಕ್ರೈಸ್ತರಾದಾಗ ಆ ನಗರ ತಲ್ಲಣಿಸಿತ್ತು. ಮುಂಬಯಿಯಲ್ಲಿ 1839ರಲ್ಲಿ ಪಾರಸಿ ತರುಣರ ದೀಕ್ಷೆಯ ವಿವಾದ ನ್ಯಾಯಸ್ಥಾನದ ಮೆಟ್ಟಿಲೇರಿತು. ಅದೇ ನಗರದಲ್ಲಿ 1843ರಲ್ಲಿ ನಾರಾಯಣ ಶೇಷಾದ್ರಿಯವರ ಸರದಿ ಬಂತು. ಇಂಗ್ಲಿಷ್ ಶಾಲೆ ಎಲ್ಲೆಲ್ಲಿ ಬೇರೂರಿತೋ ಅಲ್ಲೆಲ್ಲ ಒಬ್ಬಿಬ್ಬರು ತರುಣರು ಪಾಠದ ಭಾಷೆಗಿಂತ ಪಾಠದ ವಿಷಯವನ್ನೇ ಗಂಭೀರವಾಗಿ ತೆಗೆದುಕೊಂಡರು. ಮಂಗಳೂರಿನಲ್ಲಿ ಹಾಗೆ ತೆಗೆದುಕೊಂಡವರಲ್ಲಿ ಆನಂದರಾಯರು ಮೊದಲಿಗರ ಸಾಲಿನವರು.

ಅವರ ಮೇಲೆ ಅತ್ಯಂತ ಪ್ರಭಾವ ಬೀರಿದವರು ಹೆರ್ಮನ್ ಮೋಗ್ಲಿಂಗ್. ಕನ್ನಡಿಗರು ಈ ಹೆಸರನ್ನು ಮರೆಯುವಂತಿಲ್ಲ. 1843ರ ಜುಲೈ ತಿಂಗಳಿನಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದವರು ಅವರೇ. ಆ ಪತ್ರಿಕೆ ಇನ್ನೂ ಮಂಗಳೂರಿನಿಂದ ಹೊರಡುತ್ತಿದ್ದಾಗಲೇ, 1844ರ ಜನವರಿ 6ರಂದು, ಹದಿನೆಂಟು ವರ್ಷದ ಆನಂದರಾಯರು ತಮ್ಮ ಇಬ್ಬರು ಬ್ರಾಹ್ಮಣ ಮಿತ್ರರೊಡನೆ ದೀಕ್ಷಾಸ್ನಾನ ಪಡೆದರು. ಗುರುವಿನ ಹೆಸರು ಶಿಷ್ಯನ ಹೆಸರಿನ ಮೊದಲಿಗೆ ಬಂದು ಸೇರಿತು. ಆದರೆ ಕೊನೆಯಲ್ಲಿದ್ದ ಕೌಂಡಿನ್ಯವೆಂಬ ಗೋತ್ರನಾಮ ಹೋಗಲಿಲ್ಲ. ಸಂಧ್ಯಾವಂದನೆಯ ಹೊತ್ತಿನಲ್ಲಿ ಉಚ್ಚರಿಸಬೇಕಾದ ಋಷಿಯ ಹೆಸರನ್ನು ಅವರು ಕ್ರೈಸ್ತ ಬೋಧಕರಾಗಿ ಬದುಕಿನುದ್ದಕ್ಕೂ ಹೊತ್ತು ನಡೆದರು.

ಆ ದಿನದ ಅರ್ಥವನ್ನು ಇಂದಿನ ಓದುಗರು ಊಹಿಸಿಕೊಳ್ಳುವುದು ಸುಲಭವಲ್ಲ. ಕ್ರೈಸ್ತಮತ ಮಂಗಳೂರಿಗೆ ಹೊಸದಾಗಿರಲಿಲ್ಲ. ಶತಮಾನಗಳಿಂದ ಅಲ್ಲಿ ಕೊಂಕಣಿಯನ್ನಾಡುವ ಕ್ಯಾಥೊಲಿಕರಿದ್ದರು. 1784ರಲ್ಲಿ ಟಿಪ್ಪು ಅವರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದನ್ನೂ, ಬದುಕುಳಿದವರು ಹದಿನೈದು ವರ್ಷಗಳ ಮೇಲೆ ಮರಳಿ ಬಂದುದನ್ನೂ ಊರು ಕಂಡಿತ್ತು. ಅವರ ಮತ ಅವರದು, ನಮ್ಮದು ನಮಗೆ ಎಂಬ ನೆಮ್ಮದಿಯಿಂದ ಪಟ್ಟಣ ಬಾಳುತ್ತಿತ್ತು. ಈಗ ಕದಡಿದ್ದು ಆ ನೆಮ್ಮದಿ. ತಮ್ಮ ಮನೆಯ, ತಮ್ಮ ಪಂಕ್ತಿಯ, ಓದು ಬಲ್ಲ ಹುಡುಗನೇ ಎದ್ದು ಹೋದನಲ್ಲ ಎಂಬ ಸಂಕಟ ಊರಿನ ಕೋಲಾಹಲವಾಯಿತು. ಮಿಷನ್ ಶಾಲೆಯ ಬೆಂಚುಗಳು ಬರಿದಾದವು.

ಇಂಥ ಸಂದರ್ಭದಲ್ಲಿ ಒತ್ತಾಯ ಬರುವುದು ಬೈಗುಳ ಬೆದರಿಕೆಗಳ ರೂಪದಲ್ಲಿ ಮಾತ್ರವಲ್ಲ. ಬೈಗುಳಕ್ಕೆ ಎದುರಾಗಿ ನಿಲ್ಲಲು ಹದಿನೆಂಟರ ಹರೆಯಕ್ಕೆ ಹುಮ್ಮಸ್ಸೇ ಸಾಕು. ಹೆತ್ತವಳ ಕಣ್ಣೀರು, ಬಂಧುಗಳ ಬೇಡಿಕೆ, ಪ್ರಾಯಶ್ಚಿತ್ತ ಮಾಡಿಕೊಂಡರೆ ಎಲ್ಲವೂ ಮೊದಲಿನಂತಾಗುವುದೆಂಬ ಮೃದುವಾದ ಮಾತು, ಇವುಗಳ ಮುಂದೆ ನಿಲ್ಲುವುದು ಬೇರೆ. ಜಾತಿಭ್ರಷ್ಟನಾದವನಿಗೆ ಬದುಕಿರುವಾಗಲೇ ಘಟಶ್ರಾದ್ಧ ಮಾಡಿ ಸತ್ತವನೆಂದು ಎಣಿಸುವ ರೂಢಿ ಆ ಸಮಾಜದಲ್ಲಿತ್ತು. ಪಿತ್ರಾರ್ಜಿತದ ಮೇಲೆ ಮತಾಂತರಗೊಂಡವನ ಹಕ್ಕನ್ನು ಉಳಿಸುವ ಕಾನೂನು ಇಡೀ ಬ್ರಿಟಿಷ್ ಹಿಂದೂಸ್ಥಾನಕ್ಕೆ ಅನ್ವಯವಾದದ್ದು 1850ರಲ್ಲಿ. ಆನಂದರಾಯರು ದೀಕ್ಷೆ ಪಡೆದು ಆರು ವರ್ಷಗಳಾದ ಮೇಲೆ. ಅದೂ ಕೊಡಿಸಬಲ್ಲದ್ದು ಆಸ್ತಿಯನ್ನು ಮಾತ್ರ. ಪಂಕ್ತಿಯಲ್ಲಿ ಎಲೆ ಹಾಕಿಸುವ ಶಕ್ತಿ ಯಾವ ಕಾನೂನಿಗೂ ಇರಲಿಲ್ಲ. ಆನಂದರಾಯರು ಹಿಂದಿರುಗಲಿಲ್ಲ.

1846ರಲ್ಲಿ ಮೋಗ್ಲಿಂಗ್ ಸ್ವದೇಶಕ್ಕೆ ಹೊರಟಾಗ ಶಿಷ್ಯನೂ ಜೊತೆಗೆ ಹಡಗನ್ನೇರಿದರು. ಸಮುದ್ರಯಾನವೇ ಪಾತಕವೆನಿಸಿದ್ದ ಕುಲದಿಂದ ಬಂದವರಿಗೆ ಇದು ಎರಡನೆಯ ಗಡಿ. ಬಾಸೆಲಿನ ಮಿಷನ್ ಮನೆಯಲ್ಲಿ ಓದಿದ ಮೊದಲ ಭಾರತೀಯರು ಅವರೇ. ರೈತರ, ಕಸುಬುದಾರರ ಮಕ್ಕಳೇ ಹೆಚ್ಚಾಗಿದ್ದ ಆ ವಿದ್ಯಾಲಯದಲ್ಲಿ ಗ್ರೀಕ್, ಹೀಬ್ರೂ, ದೈವಶಾಸ್ತ್ರಗಳ ಅಭ್ಯಾಸ ನಡೆಯುತ್ತಿತ್ತು. ಶಿಸ್ತು ಬಹು ಬಿಗಿ. 1851ರಲ್ಲಿ ಅವರು ಗುರುಪಟ್ಟ ಪಡೆದು ಮಂಗಳೂರಿಗೆ ಮರಳಿದರು. ಹೋದಾಗ ಶಾಲೆಯಿಂದ ಆಗತಾನೆ ಹೊರಬಿದ್ದ ತರುಣ. ಬಂದಾಗ ಯೂರೋಪಿನ ಮಿಷನರಿಗಳ ಸರಿಸಮಾನವಾದ ಶಿಕ್ಷಣವುಳ್ಳ ಪಾದ್ರಿ.

ಮತನಿಷ್ಠೆಯ ಕಥೆಗಳು ಸಾಮಾನ್ಯವಾಗಿ ದೀಕ್ಷೆಯ ದಿನದಲ್ಲೇ ಮುಗಿದುಬಿಡುತ್ತವೆ. ಊರು ಕೂಗಾಡಿತು, ತರುಣ ಅಲುಗಲಿಲ್ಲ, ಇಷ್ಟಾದರೆ ಕಥೆ ಪೂರ್ಣವಾಯಿತೆಂದು ನಾವು ತಿಳಿಯುತ್ತೇವೆ. ನಿಜವಾದ ಪರೀಕ್ಷೆ ಆಮೇಲಿನ ನಲವತ್ತೊಂಬತ್ತು ವರ್ಷಗಳದು. ಬಿಟ್ಟುಬಂದ ಮನೆ ಮರಳೆಂದು ಒತ್ತಾಯಿಸುವಂತೆಯೇ ಸೇರಿದ ಮನೆಯೂ ತನ್ನಂತೆಯೇ ಆಗೆಂದು ಒತ್ತಾಯಿಸುತ್ತದೆ. ಬಾಸೆಲಿನ ಸಮಿತಿ ತನ್ನ ಸೇವಕರ ಮದುವೆಯನ್ನೂ ತಾನೇ ಒಪ್ಪಬೇಕೆನ್ನುವಷ್ಟು ಕಟ್ಟುನಿಟ್ಟಿನದು. ಎಲ್ಲವನ್ನೂ ಗೊತ್ತುಮಾಡುವವರು ಬಿಳಿಯರು; ಕೌಂಡಿನ್ಯರಾದರೋ ಅವರ ನಡುವೆ ಈ ನೆಲದವರು. ಒಂದು ಕಡೆಯವರಿಗೆ ಮ್ಲೇಚ್ಛರ ಸಂಗ ಮಾಡಿದವರು, ಇನ್ನೊಂದು ಕಡೆಯವರಿಗೆ ಎಷ್ಟಾದರೂ ಹಿಂದೂಸ್ಥಾನದವರು. ಇಂಥ ಇಕ್ಕಟ್ಟಿನಲ್ಲಿ ನಿಂತವರು ಹಳೆಯದೆಲ್ಲವನ್ನೂ ಹಳಿದು ಹೊಸಬರ ಮೆಚ್ಚುಗೆಯನ್ನು ಗಳಿಸಬಹುದು, ಇಲ್ಲವೇ ಕಹಿಯಾಗಿ ದೂರ ಸರಿಯಬಹುದು. ಕೌಂಡಿನ್ಯರು ಎರಡನ್ನೂ ಮಾಡದೆ ತಮ್ಮ ಕೆಲಸದಲ್ಲಿ ನಿಂತರು.

ಆ ಕೆಲಸ ಬಹುಮಟ್ಟಿಗೆ ಅಧ್ಯಾಪನ. ಮಂಗಳೂರಿನಲ್ಲಿ ಉಪದೇಶಿಗಳನ್ನು ತಯಾರಿಸುವ ಮಿಷನಿನ ವಿದ್ಯಾಲಯದಲ್ಲಿ ಅವರು ಕನ್ನಡನಾಡಿನ ಬೋಧಕರಿಗೆ ಪಾಠ ಹೇಳಿದರು. ಬಾಸೆಲ್ ಮಿಷನಿನವರು ಕನ್ನಡವನ್ನು ಶ್ರದ್ಧೆಯಿಂದ ಕಲಿತವರು. ಹಳೆಯ ಕಾವ್ಯಗಳನ್ನು ಒಳಗೊಂಡ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯನ್ನು ಮೋಗ್ಲಿಂಗ್ ಅಚ್ಚುಮಾಡಿಸಿದರು. ದಾಸರ ಪದಗಳನ್ನೂ ಮುದ್ರಿಸಿದರು. ಹೊಸ ಮತದ ಮಾತನ್ನು ಹೇಳಲು ಹೊರಟವರು ಹಳೆಯ ಭಕ್ತಿಯ ನುಡಿಯನ್ನು ಕಲಿಯದೆ ನಿರ್ವಾಹವಿರಲಿಲ್ಲ. ಕೃಪೆ, ಪಾಪ, ರಕ್ಷಣೆ, ಆತ್ಮ ಮೊದಲಾದ ಶಬ್ದಗಳಿಗೆ ಕನ್ನಡ ಕಿವಿಯಲ್ಲಿ ಮೊದಲೇ ಒಂದು ಧ್ವನಿಯಿತ್ತು. ಹೊರಗಿನಿಂದ ಬಂದವರು ಅದನ್ನು ದುಡಿದು ಕಲಿಯಬೇಕು. ಕೌಂಡಿನ್ಯರಿಗೆ ಅದು ಬೆಳೆದ ಮನೆಯ ಸೊತ್ತು. ಗೋತ್ರನಾಮದಂತೆಯೇ ಅದನ್ನೂ ಅವರು ಎಸೆಯಬೇಕಾಗಿರಲಿಲ್ಲ. 1860ರಲ್ಲಿ ಅವರು ಜರ್ಮನಿಯ ಮರೀ ರೈನ್‌ಹಾರ್ಟ್ ಎಂಬಾಕೆಯನ್ನು ಮದುವೆಯಾದರು. ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವೆ 1857ರ ದಂಗೆಯ ಕಹಿ ಇನ್ನೂ ಆರದಿದ್ದ ದಿನಗಳಲ್ಲಿ ಅದು ಎರಡು ಕಡೆಯವರ ಹುಬ್ಬುಗಳನ್ನೂ ಮೇಲೇರಿಸುವಂಥ ವಿವಾಹ.

ಇನ್ನು ಕೊಡಗಿನ ಮಾತು. ಮತಕ್ಕಾಗಿ ಕಷ್ಟಪಟ್ಟವರಿಗೆ ಆಶ್ರಯ ಕೊಟ್ಟ ನೆನಪು ಆ ಬೆಟ್ಟಗಳಿಗೆ ಮೊದಲೇ ಇತ್ತು. ಟಿಪ್ಪುವಿನ ಹಿಡಿತದಿಂದ ತಪ್ಪಿಸಿಕೊಂಡು ಬಂದ ಕ್ಯಾಥೊಲಿಕರಿಗೆ ದೊಡ್ಡ ವೀರರಾಜೇಂದ್ರನು ವಿರಾಜಪೇಟೆಯಲ್ಲಿ ನೆಲೆ ಕೊಟ್ಟನು. ಅಲ್ಲಿನ ಸಂತ ಅನ್ನಮ್ಮನವರ ಇಗರ್ಜಿಯ ಹುಟ್ಟು 1792ರದು. 1834ರಲ್ಲಿ ಕೊಡಗು ಕಂಪೆನಿಯ ವಶವಾಯಿತು. ಪದಚ್ಯುತನಾದ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ 1852ರ ಜೂನ್ 30ರಂದು ಲಂಡನ್ನಿನಲ್ಲಿ, ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತಿರಲು, ಕ್ರೈಸ್ತಳಾದಳು. ಅರಮನೆಯ ಆ ದೀಕ್ಷೆಯಿಂದ ಕೊಡಗಿನ ಯಾವ ಮನೆಯ ಒಲೆಯೂ ಬೇರೆಯಾಗಲಿಲ್ಲ. ಅಳಮಂಡ ಮನೆತನದ ಸೋಮಯ್ಯನೆಂಬ ಕೊಡವನು ಕ್ರೈಸ್ತನಾಗಿ ಸ್ಟೆಫಾನಸ್ ಎಂಬ ಹೆಸರು ತಾಳಿದಾಗಲಾದರೋ ವಿಷಯ ಬೇರೆಯಾಯಿತು. ಕೊಡವನಿಗೆ ಒಕ್ಕವೇ ಬಾಳಿನ ಬುನಾದಿ. ಐನ್‌ಮನೆಯ ದೀಪ, ಕಾರಣವರಿಗೆ ಸಲ್ಲಿಸುವ ಎಡೆ, ಹಬ್ಬದ ದಿನದ ಕೂಟ, ಇವುಗಳಿಂದ ಹೊರಗಾದವನು ನಂಬಿಕೆಯ ಜೊತೆಗೆ ನೆಂಟಸ್ತಿಕೆಯ ಜಗತ್ತನ್ನೇ ಬದಲಿಸಿದಂತೆ. ಈ ಸೋಮಯ್ಯನ ನಿಮಿತ್ತದಿಂದಲೇ ಮೋಗ್ಲಿಂಗ್ 1853ರಲ್ಲಿ, ಬಾಸೆಲಿನ ಯೋಜನೆಯ ಹೊರಗೆ, ಬಹುಮಟ್ಟಿಗೆ ತನ್ನದೇ ಹೊಣೆಯ ಮೇಲೆ ಕೊಡಗಿಗೆ ಬಂದರು. ಎರಡು ವರ್ಷಗಳ ಮೇಲೆ ಕೊಡಗಿನ ಚರಿತ್ರೆಯನ್ನು ಕುರಿತು ಅವರ ಇಂಗ್ಲಿಷ್ ಗ್ರಂಥವೂ ಬೆಂಗಳೂರಿನಲ್ಲಿ ಅಚ್ಚಾಯಿತು.

ಕೊಡವರು ಗುಂಪಾಗಿ ಕ್ರೈಸ್ತರಾಗಬಹುದೆಂಬ ಪಾದ್ರಿಗಳ ನಿರೀಕ್ಷೆ ಫಲಿಸಲಿಲ್ಲ. ಅವರ ಬಳಿಗೆ ಬಂದವರು, ಆ ಕಾಲದ ದಾಖಲೆಗಳು ಹೊಲೆಯರೆಂದು ಹೆಸರಿಸುವ ದಲಿತ ಕುಟುಂಬಗಳವರು. ಕೊಡಗಿನಲ್ಲಿ ಈ ಜೀತದಾಳುಗಳಲ್ಲಿ ಎರಡು ಬಗೆ. ಒಂದು, ಭೂಮಿಗೆ ಸೇರಿದವರು. ಗದ್ದೆ ಯಾರ ಕೈಗೆ ಹೋದರೆ ಇವರೂ ಅವರ ಕೈಗೆ. ಇನ್ನೊಂದು, ಒಕ್ಕಲಿಗೆ ಸೇರಿದವರು, ಒಡೆಯನ ಸೊತ್ತು. 1843ರ ಕಾನೂನು ಗುಲಾಮಗಿರಿಯ ಹಕ್ಕನ್ನು ನ್ಯಾಯಸ್ಥಾನಗಳಲ್ಲಿ ಮಾನ್ಯ ಮಾಡದಂತೆ ತಡೆಯಿತಾದರೂ ಗದ್ದೆಯ ಬದುವಿನ ಮೇಲೆ ಕಾನೂನಿನ ಹೆಜ್ಜೆ ನಿಧಾನ. ಒಡೆಯನ ಮನೆಯ ದೈವದ ಹಬ್ಬಕ್ಕೆ ಬಾರದ ಆಳು ಒಡೆಯನ ಕಣ್ಣಿಗೆ ಮತಾಂತರಿಯಾಗಿ ಕಾಣುವುದಕ್ಕಿಂತ ಮೊದಲು ಅವಿಧೇಯನಾಗಿ ಕಾಣುತ್ತಾನೆ. ಮಂಗಳೂರಿನ ಬ್ರಾಹ್ಮಣ ತರುಣನಿಗೆ ಇಂಗ್ಲಿಷಾದರೂ ಕೈಯಲ್ಲಿತ್ತು. ಇವರ ಕೈಯಲ್ಲಿ ಗುದ್ದಲಿಯ ಹೊರತು ಏನೂ ಇರಲಿಲ್ಲ. ಆ ಗುದ್ದಲಿಯೂ ಒಡೆಯನದೇ. ಇಂಥವರು ನಂಬಿಕೆಯಲ್ಲಿ ನಿಲ್ಲಬೇಕಾದರೆ ಮೊದಲು ಕಾಲೂರಲು ತಮ್ಮದೆಂಬ ನೆಲ ಬೇಕಾಗಿತ್ತು. 1854ರಲ್ಲಿ ಮಡಿಕೇರಿಯ ಬಳಿ ಫೌಲರ್ ಎಂಬ ಇಂಗ್ಲಿಷರವನು ತೆರೆದ ತೋಟದಿಂದ ಮೊದಲಾಗಿ ಕೊಡಗಿನ ಕಾಡುಗಳಲ್ಲಿ ಕಾಫಿ ಹಬ್ಬುತ್ತಿದ್ದ ದಿನಗಳವು. ಆ ದಶಕದ ಉತ್ತರಾರ್ಧದಲ್ಲಿ ಆನಂದಪುರವು ಒಂದು ನೆಲೆಯಾಗಿ ರೂಪುಗೊಂಡು ಆನಂದರಾಯರ ಹೆಸರನ್ನು ಪಡೆಯಿತು.

ಮೋಗ್ಲಿಂಗ್ 1860ರಲ್ಲಿ ಜರ್ಮನಿಗೆ ಮರಳಿದರು, ಮತ್ತೆ ಬರಲಿಲ್ಲ. 1881ರಲ್ಲಿ ಅಲ್ಲಿಯೇ ತೀರಿಕೊಂಡರು. ಗುರುವಿಗೆ ಹಿಂದಿರುಗಲು ದೇಶವಿತ್ತು, ಶಿಷ್ಯನಿಗೆ ಇದೇ ದೇಶ. ಬಾಳಿನ ಕೊನೆಯ ಭಾಗದಲ್ಲಿ ಕೌಂಡಿನ್ಯರು ತಮ್ಮ ಹೆಸರಿನ ಆ ಊರಿನ ಜನರ ನಡುವೆ ದುಡಿದರು. ನೆರಳು ಸೋಕಿದರೆ ಮೈಲಿಗೆಯೆನ್ನುವ ಆಚಾರದಲ್ಲಿ ಹುಟ್ಟಿದವರಿಗೆ ಅಲ್ಲಿ ಒಂದೇ ಪಂಕ್ತಿ, ಒಂದೇ ಪ್ರಾರ್ಥನೆ, ಒಂದೇ ರೊಟ್ಟಿ. ಹದಿನೆಂಟರ ವಯಸ್ಸಿನಲ್ಲಿ ಒಪ್ಪಿಕೊಂಡ ನಂಬಿಕೆಯ ಕಟ್ಟಕಡೆಯ ಅರ್ಥ ಅವರಿಗೆ ಮಂಗಳೂರಿನ ಗಲಭೆಯಲ್ಲಿ ತಿಳಿದಿರಲಾರದು, ಬಾಸೆಲಿನ ಪಾಠಗಳಲ್ಲೂ ತಿಳಿದಿರಲಾರದು. ಮಳೆಗಾಲದ ಜಿಗಣೆ ಮತ್ತು ಚಳಿಜ್ವರಗಳ ಈ ತೋಟಗಳ ನಾಡಿನಲ್ಲಿ ತಿಳಿದಿರಬೇಕು. 1893ರಲ್ಲಿ ಅವರು ಕೊಡಗಿನಲ್ಲೇ ಕಣ್ಮುಚ್ಚಿದರು. ಮರುವರ್ಷ ಅವರ ಮಿಷನಿನವರೇ ಆದ ಕಿಟ್ಟೆಲರ ಕನ್ನಡ ನಿಘಂಟು ಮಂಗಳೂರಿನಲ್ಲಿ ಪ್ರಕಟವಾಯಿತು.

ಇಂಥ ಜೀವನವನ್ನು ಹೊಗಳುವಾಗ ಒಂದು ಎಚ್ಚರ ಬೇಕು. ಮಿಷನರಿಗಳ ಹಿಂದೆ ಆಳುವವರ ನೆರಳಿತ್ತು ಎಂಬುದು ಸುಳ್ಳಲ್ಲ. ಮಗನನ್ನು ಕಳೆದುಕೊಂಡ ಮನೆಯವರೂ ತಮ್ಮ ನಂಬಿಕೆಗೆ ತಾವು ನಿಷ್ಠರಾಗಿದ್ದವರೇ. ಅವರ ದುಃಖವನ್ನು ಮೌಢ್ಯವೆಂದು ಕರೆಯುವುದು ಅನ್ಯಾಯ. ಕೌಂಡಿನ್ಯರು ಅವರನ್ನು ಸೋಲಿಸಿದರೆಂದು ಹೇಳುವಂತಿಲ್ಲ. ತಮಗೆ ಸತ್ಯವೆಂದು ಕಂಡದ್ದನ್ನು ಅರ್ಧ ಶತಮಾನದ ದಿನದಿನದ ದುಡಿಮೆಯಲ್ಲಿ ಸಾಗಿಸಿದರೆಂದು ಹೇಳಬಹುದು. ಒಂದು ದಿನದ ಧೈರ್ಯಕ್ಕೆ ಜನರ ಗದ್ದಲವೇ ಆಸರೆಯಾಗುತ್ತದೆ. ಗದ್ದಲ ಅಡಗಿ, ಯಾರೂ ನೋಡದ, ಯಾರೂ ಕೇಳದ ವರ್ಷಗಳಲ್ಲಿಯೂ ಅದೇ ದಾರಿಯಲ್ಲಿ ನಡೆಯುವವನಿಗೆ ತನ್ನ ಅಂತಃಕರಣವಲ್ಲದೆ ಬೇರೆ ಆಸರೆಯಿಲ್ಲ.

ಸಿದ್ದಾಪುರದ ದಾರಿಯಲ್ಲಿ ಹೋಗುವವರು ಆನಂದಪುರದ ಹೆಸರನ್ನು ಈಗಲೂ ಕೇಳಬಹುದು. ಋಷಿಯೊಬ್ಬನ ಗೋತ್ರದಲ್ಲಿ ಹುಟ್ಟಿದ ಆನಂದರಾಯರ ವಂಶದ ಹೆಸರು ಸಾರಸ್ವತರ ಶ್ರಾದ್ಧಸಂಕಲ್ಪದಲ್ಲಿ ಉಳಿಯಿತು. ಸ್ವಂತ ಹೆಸರು, ಒಂದು ಕಾಲಕ್ಕೆ ಹೆಸರಿಲ್ಲದೆ ಗದ್ದೆಯ ಲೆಕ್ಕದಲ್ಲಿ ಸೇರಿಹೋಗಿದ್ದ ಜನರ ಊರಿನಲ್ಲಿ ಉಳಿಯಿತು.