ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್

ಸರ್ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ (13 ಆಗಸ್ಟ್ 1819 – 1 ಫೆಬ್ರವರಿ 1903) ಐರ್ಲೆಂಡಿನಲ್ಲಿ ಜನಿಸಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ನೆಲೆಸಿದ ಗಣಿತಜ್ಞ ಹಾಗೂ ಭೌತವಿಜ್ಞಾನಿ. ದ್ರವಗಳ ಚಲನೆಯನ್ನು ವಿವರಿಸುವ ನೇವಿಯರ್–ಸ್ಟೋಕ್ಸ್ ಸಮೀಕರಣಗಳಿಂದ ಅವರ ಹೆಸರು ಪ್ರಸಿದ್ಧವಾಗಿದೆ. ಪ್ರತಿದೀಪ್ತಿಯ ಸ್ವರೂಪವನ್ನು ಸ್ಪಷ್ಟಪಡಿಸಿ, ಅದಕ್ಕೆ ಫ್ಲೋರೆಸೆನ್ಸ್ ಎಂದು ಹೆಸರಿಟ್ಟವರೂ ಅವರೇ. ನೀರಿನಲ್ಲಿಯೂ ಜೀವಕೋಶಗಳಲ್ಲಿಯೂ ಇರುವ ಅಯಾನುಗಳನ್ನು ಬೆಳಕಿನ ಮೂಲಕ ಪತ್ತೆಹಚ್ಚುವ ಇಂದಿನ ರಾಸಾಯನಿಕ ಸಂವೇದಕಗಳಿಗೆ ಈ ಅಧ್ಯಯನವೇ ತಳಹದಿ.

ಜನನ ಮತ್ತು ವಿದ್ಯಾಭ್ಯಾಸ

ಸ್ಟೋಕ್ಸ್ ಅವರು ಸ್ಲೈಗೋ ಪ್ರಾಂತದ ಸ್ಕ್ರೀನ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಅಲ್ಲಿನ ಚರ್ಚಿನ ಪಾದ್ರಿ. ಡಬ್ಲಿನ್ ಮತ್ತು ಬ್ರಿಸ್ಟಲ್‌ಗಳಲ್ಲಿ ವ್ಯಾಸಂಗ ಮಾಡಿ, 1837ರಲ್ಲಿ ಕೇಂಬ್ರಿಡ್ಜ್‌ನ ಪೆಂಬ್ರೋಕ್ ಕಾಲೇಜನ್ನು ಸೇರಿದರು. 1841ರಲ್ಲಿ ಗಣಿತ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದರು. 1849ರಲ್ಲಿ, ಹಿಂದೆ ನ್ಯೂಟನ್ ಅಲಂಕರಿಸಿದ್ದ ಲ್ಯೂಕೇಸಿಯನ್ ಪ್ರಾಧ್ಯಾಪಕ ಪೀಠಕ್ಕೆ ನೇಮಕಗೊಂಡು, ಕೊನೆಯವರೆಗೂ ಆ ಹುದ್ದೆಯಲ್ಲಿದ್ದರು.

ಪ್ರತಿದೀಪ್ತಿಯ ಅಧ್ಯಯನ

ಸಿಂಕೋನಾ ಮರದ ತೊಗಟೆಯಿಂದ ದೊರೆಯುವ ಕ್ವಿನೈನ್‌ನ ದ್ರಾವಣ ನೋಡಲು ನೀರಿನಂತೆ ತಿಳಿಯಾಗಿದ್ದರೂ, ಬಿಸಿಲು ಬೀಳುವ ಮೇಲ್ಭಾಗದಲ್ಲಿ ನೀಲಿಯಾಗಿ ಹೊಳೆಯುವುದನ್ನು ಜಾನ್ ಹರ್ಷೆಲ್ 1845ರಲ್ಲಿ ವರದಿ ಮಾಡಿದ್ದರು. ಇದರ ಕಾರಣವನ್ನು ಹುಡುಕಲು ಸ್ಟೋಕ್ಸ್ ಅವರು ಸೂರ್ಯನ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ, ಮೂಡಿದ ವರ್ಣಪಟಲದಲ್ಲಿ ಕ್ವಿನೈನ್ ದ್ರಾವಣದ ನಳಿಕೆಯನ್ನು ಕೆಂಪಿನಿಂದ ನೇರಳೆಯ ಕಡೆಗೆ ನಿಧಾನವಾಗಿ ಸರಿಸಿದರು. ಬಹುತೇಕ ಬಣ್ಣಗಳಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ. ನೇರಳೆಯ ಅಂಚನ್ನು ದಾಟಿ, ಕಣ್ಣಿಗೆ ಕತ್ತಲೆಯಾಗಿಯೇ ತೋರುವ ಭಾಗವನ್ನು ತಲುಪಿದಾಗ ದ್ರಾವಣ ನೀಲಿಯಾಗಿ ಬೆಳಗಿತು. ದ್ರಾವಣವು ಅಗೋಚರವಾದ ನೇರಳಾತೀತ ಕಿರಣಗಳನ್ನು ಹೀರಿಕೊಂಡು, ಹೆಚ್ಚು ತರಂಗಾಂತರದ ಗೋಚರ ಬೆಳಕನ್ನು ಹೊರಸೂಸುತ್ತದೆ ಎಂದು ಅವರು ತೀರ್ಮಾನಿಸಿದರು. 1852ರಲ್ಲಿ ಪ್ರಕಟವಾದ ಈ ಪ್ರಬಂಧಕ್ಕೆ ರಾಯಲ್ ಸೊಸೈಟಿಯ ರಮ್‌ಫರ್ಡ್ ಪದಕ ಲಭಿಸಿತು. ಇದೇ ಗುಣವುಳ್ಳ ಫ್ಲೋರ್‌ಸ್ಪಾರ್ ಎಂಬ ಖನಿಜದಿಂದ ಹೊಸ ಹೆಸರು ಹುಟ್ಟಿತು.

ಪತ್ತೆಯ ಸಾಧನವಾಗಿ ಬೆಳಕು

1864ರಲ್ಲಿ ಸ್ಟೋಕ್ಸ್ ಅವರು ಲಂಡನ್ನಿನ ರಸಾಯನಶಾಸ್ತ್ರಜ್ಞರ ಮುಂದೆ ಉಪನ್ಯಾಸ ನೀಡಿ, ಮಿಶ್ರಣದಲ್ಲಿರುವ ವಸ್ತುಗಳನ್ನು ಗುರುತಿಸಲು ಬೆಳಕಿನ ಹೀರುವಿಕೆಯೂ ಪ್ರತಿದೀಪ್ತಿಯೂ ನೆರವಾಗುತ್ತವೆ ಎಂದು ವಿವರಿಸಿದರು. ಅದೇ ವರ್ಷ ರಕ್ತದ ಬಣ್ಣದ ವಸ್ತುವು ಆಮ್ಲಜನಕವನ್ನು ಪಡೆದಾಗಲೂ ಕಳೆದುಕೊಂಡಾಗಲೂ ಆಗುವ ವ್ಯತ್ಯಾಸವನ್ನು ವರ್ಣಪಟಲದಿಂದ ತೋರಿಸಿದರು. 1867ರಲ್ಲಿ ಗೋಪೆಲ್ಸ್‌ರೋಡರ್ ಅವರು ಮೋರಿನ್ ಎಂಬ ಸಸ್ಯವರ್ಣಕವು ಅಲ್ಯೂಮಿನಿಯಂ ಅಯಾನಿನೊಡನೆ ಸೇರಿದಾಗ ಹೊಳೆಯುವುದನ್ನು ಆ ಲೋಹದ ಪರೀಕ್ಷೆಗೆ ಬಳಸಿದರು.

ಇದಕ್ಕೆ ವಿರುದ್ಧವಾದ ಪರಿಣಾಮವನ್ನು ಸ್ಟೋಕ್ಸ್ ಅವರು 1869ರಲ್ಲಿ ದಾಖಲಿಸಿದರು: ದುರ್ಬಲ ಗಂಧಕಾಮ್ಲದಲ್ಲಿ ಹೊಳೆಯುವ ಕ್ವಿನೈನ್‌ಗೆ ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದರೆ ಹೊಳಪು ಕುಂದುತ್ತದೆ. ಬೆಳಕನ್ನು ಹೀರಿ ಉದ್ರಿಕ್ತಗೊಂಡ ಕ್ವಿನೈನ್ ಅಣುವಿಗೆ ಕ್ಲೋರೈಡ್ ಅಯಾನು ಡಿಕ್ಕಿ ಹೊಡೆದಾಗ, ಅಣುವು ಬೆಳಕನ್ನು ಸೂಸದೆಯೇ ತನ್ನ ಹೆಚ್ಚುವರಿ ಶಕ್ತಿಯನ್ನು ಕಳೆದುಕೊಳ್ಳುತ್ತದೆ. 20ನೆಯ ಶತಮಾನದ ಉತ್ತರಾರ್ಧದಲ್ಲಿ ಜೀವಕೋಶಗಳೊಳಗಿನ ಕ್ಲೋರೈಡನ್ನು ಅಳೆಯಲು ರೂಪಿಸಿದ ಕೆಲವು ಸೂಚಕಗಳು ಕ್ವಿನೈನ್‌ನಲ್ಲಿರುವ ಕ್ವಿನೋಲಿನ್ ಚೌಕಟ್ಟನ್ನೇ ಹೊಂದಿದ್ದು, ಇದೇ ತತ್ತ್ವದಂತೆ ಕೆಲಸ ಮಾಡುತ್ತವೆ.

ಸೇವೆ ಮತ್ತು ಸ್ವಭಾವ

1854ರಿಂದ 1885ರವರೆಗೆ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿ, ಅನಂತರ 1890ರವರೆಗೆ ಅಧ್ಯಕ್ಷರಾಗಿ ಅವರು ದುಡಿದರು. ಇತರರ ಪ್ರಬಂಧಗಳನ್ನು ಓದಿ ತಿದ್ದುವುದರಲ್ಲಿ ಅಪಾರ ಸಮಯ ವ್ಯಯವಾಗಿ, ಸ್ವಂತ ಸಂಶೋಧನೆ ಹಿಂದೆ ಬಿದ್ದಿತು. ಸೂರ್ಯನ ವರ್ಣಪಟಲದ ಕಪ್ಪುಗೆರೆಗಳಿಗೂ ಸೋಡಿಯಂಗೂ ಇರುವ ಸಂಬಂಧವನ್ನು ಅವರು ಗೆಳೆಯ ವಿಲಿಯಂ ಥಾಮ್ಸನ್ ಅವರಿಗೆ ಮೊದಲೇ ತಿಳಿಸಿದ್ದರೂ ಪ್ರಕಟಿಸಿರಲಿಲ್ಲ. ಮುಂದೆ ಕಿರ್ಕಾಫ್ ಅದನ್ನು ಸ್ಥಾಪಿಸಿದಾಗ, ಆದ್ಯತೆ ಸ್ಟೋಕ್ಸ್ ಅವರಿಗೆ ಸಲ್ಲಬೇಕೆಂದು ಥಾಮ್ಸನ್ ವಾದಿಸಿದರು. ಸ್ಟೋಕ್ಸ್ ಅವರು ಅದನ್ನು ಒಪ್ಪಲಿಲ್ಲ.

1857ರಲ್ಲಿ ಖಗೋಳವಿಜ್ಞಾನಿ ಥಾಮಸ್ ರಾಮ್ನಿ ರಾಬಿನ್ಸನ್ ಅವರ ಮಗಳು ಮೇರಿಯನ್ನು ವಿವಾಹವಾದರು. ಅಂದಿನ ನಿಯಮದಂತೆ, ವಿವಾಹವಾದ ಕಾರಣಕ್ಕೆ ಕಾಲೇಜಿನ ಫೆಲೋ ಸ್ಥಾನವನ್ನು ಬಿಡಬೇಕಾಯಿತು. ನಿಯಮ ಬದಲಾದ ಮೇಲೆ ಅದು ಮರಳಿ ದೊರೆಯಿತು.

ಗೌರವ ಮತ್ತು ನಿಧನ

1889ರಲ್ಲಿ ಬ್ಯಾರೊನೆಟ್ ಪದವಿಯೂ 1893ರಲ್ಲಿ ಕೋಪ್ಲಿ ಪದಕವೂ ಸಂದವು. 1902ರಲ್ಲಿ ಪೆಂಬ್ರೋಕ್ ಕಾಲೇಜಿನ ಮುಖ್ಯಸ್ಥರಾದರು. ಮರುವರ್ಷ ಕೇಂಬ್ರಿಡ್ಜ್‌ನಲ್ಲಿ ನಿಧನರಾದರು. ಹೀರಿದ ಬೆಳಕಿಗೂ ಸೂಸಿದ ಬೆಳಕಿಗೂ ಇರುವ ತರಂಗಾಂತರದ ವ್ಯತ್ಯಾಸವನ್ನು ಸ್ಟೋಕ್ಸ್ ಪಲ್ಲಟ ಎನ್ನುತ್ತಾರೆ. ಈ ಅಂತರವಿರುವುದರಿಂದಲೇ ಸೂಕ್ಷ್ಮದರ್ಶಕದ ಶೋಧಕಗಳು ಮೂಲ ಬೆಳಕನ್ನು ತಡೆದು, ಸಂವೇದಕದ ಕ್ಷೀಣ ಹೊಳಪನ್ನು ಮಾತ್ರ ಕಣ್ಣಿಗೆ ತಲುಪಿಸಬಲ್ಲವು. ಸಿ. ವಿ. ರಾಮನ್ ಅವರು 1928ರಲ್ಲಿ ಕಂಡುಹಿಡಿದ ರಾಮನ್ ಪರಿಣಾಮದ ರೇಖೆಗಳನ್ನೂ ಸ್ಟೋಕ್ಸ್ ಮತ್ತು ಪ್ರತಿ-ಸ್ಟೋಕ್ಸ್ ರೇಖೆಗಳೆಂದೇ ಕರೆಯಲಾಗುತ್ತದೆ.